ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತಿದೆ

ಪ್ರಶ್ನೆ:
ನಮ್ಮ ಕಚೇರಿಯ ಲೆಕ್ಕಪತ್ರ ತಂತ್ರಾಂಶದಲ್ಲಿ ಬ್ಯಾಂಕಿಗೆ ಬೇಕಾದ ಪಾವತಿ ಪಟ್ಟಿಯನ್ನು ನೇರವಾಗಿ ಸಿದ್ಧಪಡಿಸುವ ಸೌಲಭ್ಯ ಇಲ್ಲದ ಕಾರಣ, ವಿವರಗಳನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಪಡೆದು ಎಕ್ಸೆಲ್‌ನಲ್ಲಿ ಹೊಂದಿಸುತ್ತೇನೆ. ಆದರೆ 16 ಅಂಕಿಗಳ ಖಾತೆ ಸಂಖ್ಯೆಗಳಲ್ಲಿ ಕೊನೆಯದು ಸೊನ್ನೆಯಾಗುತ್ತಿದೆ. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ದೋಷ ಎಲ್ಲಿರಬಹುದು?

ಉತ್ತರ 1:
ಮೊದಲು ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅಲ್ಲಿ ಸಂಖ್ಯೆ ಸರಿಯಿದ್ದರೆ ತಂತ್ರಾಂಶದ ತಪ್ಪಿಲ್ಲ. ಎಕ್ಸೆಲ್ ಯಾವುದೇ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಂಡು, ಮುಂದಿನವನ್ನು ಸೊನ್ನೆಯಾಗಿಸುತ್ತದೆ. ಆಮೇಲೆ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಾಯಿಸಿದರೂ ಕಳೆದುಹೋದ ಅಂಕಿ ಮರಳುವುದಿಲ್ಲ. ಆದ್ದರಿಂದ ಕಡತವನ್ನು ನೇರವಾಗಿ ತೆರೆಯದೆ, ಡೇಟಾ ಮೆನುವಿನ ಮೂಲಕ ಆಮದು ಮಾಡಿಕೊಳ್ಳುವಾಗಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸಿ. ಆರಂಭದ ಸೊನ್ನೆಗಳೂ ಉಳಿಯುತ್ತವೆ.

ಉತ್ತರ 2:
ಕೈಪಿಡಿ ಮೌನವಾಗಿರುವಾಗ ನಾನು ಅನುಸರಿಸುವ ಕ್ರಮವೊಂದಿದೆ: ಒಂದು ಪರೀಕ್ಷಾ ನಮೂದನ್ನು ಕೈಯಿಂದಲೇ ಭರ್ತಿ ಮಾಡಿ, ಅದನ್ನು ಹೊರತೆಗೆದು, ಕಾಲಂಗಳ ಹೆಸರು ಮತ್ತು ದಿನಾಂಕದ ರೂಪವನ್ನು ಅದರಿಂದಲೇ ಕಲಿಯುತ್ತೇನೆ. (ಸಹಾಯವಾಣಿಗಿಂತ ಇದು ಬೇಗ.) ಪಾವತಿ ಕಳುಹಿಸುವ ಮುನ್ನ ಒಟ್ಟು ಮೊತ್ತವನ್ನು ತಾಳೆ ನೋಡಿದರೆ ಸಾಲದು, ಖಾತೆ ಸಂಖ್ಯೆಗಳನ್ನೂ ಮೂಲದೊಂದಿಗೆ ಹೋಲಿಸಿ.

ಪ್ರಶ್ನೆ ಕೇಳಿದವರು:
ನೋಟ್‌ಪ್ಯಾಡ್‌ನಲ್ಲಿ ಸಂಖ್ಯೆಗಳು ಸರಿಯಾಗಿಯೇ ಇದ್ದವು. ಆಮದು ವಿಧಾನದಿಂದ ತೊಂದರೆ ನೀಗಿತು, ಧನ್ಯವಾದಗಳು.