ಕ್ಲಚ್ ಹಿಡಿದೇ ಫಸ್ಟ್ ಹಾಕಿದ್ರೂ ಗಾಡಿ ನುಗ್ಗಿ ಆಫ್ ಆಗ್ತಿದೆ, ಸಾಕಾಗಿ ಹೋಗಿದೆ

ಹೊಸಕೈ:
ಎರಡು ವಾರದಿಂದ ಖಾಲಿ ಮೈದಾನದಲ್ಲಿ ಬೈಕ್ ಕಲೀತಿದೀನಿ. ಕ್ಲಚ್ ಪೂರ್ತಿ ಹಿಡಿದೇ ಫಸ್ಟ್ ಗೇರ್ ಹಾಕೋದು. ಆದ್ರೂ ಗಾಡಿ ದಡ್ ಅಂತ ಮುಂದಕ್ಕೆ ನುಗ್ಗಿ ಆಫ್ ಆಗುತ್ತೆ. ಹತ್ತು ಸಲಕ್ಕೆ ಆರು ಸಲ ಇದೇ ಕತೆ. ನಿಂತಾಗ ನ್ಯೂಟ್ರಲ್ಲೂ ಸಿಗಲ್ಲ. ತಪ್ಪು ನಂದಾ, ಗಾಡಿದಾ? ಹೀಗಿದ್ರೆ ರಸ್ತೆಗೆ ಇಳಿಯೋದು ಹೇಗೆ?

ಗಾಳಿಗುದ್ದು:
ಐಡಲ್ (ಆಕ್ಸಿಲರೇಟರ್ ಕೊಡದಾಗಿನ ಎಂಜಿನ್ ವೇಗ) ಕಮ್ಮಿ ಇದೆ. ಎಂಜಿನ್ ಬಿಸಿಯಾದ ಮೇಲೆ, ಪೆಟ್ರೋಲ್ ಗಾಳಿ ಬೆರೆಸೋ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ 1,400 ಆರ್‌ಪಿಎಂ ಹತ್ತಿರ ತನ್ನಿ.

ಮಳೆಸವಾರ:
ಯಾವ ತರದ ಗಾಡಿ, ಹೊಸದಾ ಹಳೇದಾ, ಏನೂ ಹೇಳಿಲ್ವಲ್ಲ ಗುರು?

ಗಾಳಿಗುದ್ದು:
ಯಾವುದಾದ್ರೂ ಆಗಲಿ, ಕಾರ್ಬ್ಯುರೇಟರ್ ಒಳಗಿನ ಪೈಲಟ್ ಜೆಟ್, ಅಂದ್ರೆ ಪೆಟ್ರೋಲ್ ಬರೋ ಸಣ್ಣ ತೂತು, ಕಟ್ಟಿರುತ್ತೆ. ಬಿಚ್ಚಿ ಗಾಳಿ ಹೊಡೆಸಿ.

ಹೊಸಕೈ:
150 ಸಿಸಿ, ಎಫ್ಐ (ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸೋ ಗಾಡಿ), ಸೆಕೆಂಡ್ ಹ್ಯಾಂಡ್. ಕಾರ್ಬ್ಯುರೇಟರೇ ಇಲ್ಲ. ಮೀಟರ್ ಈಗ್ಲೂ 1,400 ತೋರಿಸ್ತಿದೆ.

ಗಾಳಿಗುದ್ದು:
ಹಾಗಿದ್ರೆ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡೋ ಭಾಗ) ಕ್ಲೀನ್ ಮಾಡಿಸಿ. ಐಡಲ್ ಸ್ವಲ್ಪ ಏರಿಸಿದ್ರೂ ನಡೆಯುತ್ತೆ.

ಸ್ಪ್ಯಾನರ್ 12:
ದಯವಿಟ್ಟು ಏರಿಸ್ಬೇಡಿ. ಐಡಲ್ ಏರಿದಷ್ಟೂ ಗಾಡಿ ಇನ್ನೂ ಜೋರಾಗಿ ನುಗ್ಗುತ್ತೆ, ಕಲಿಯೋರನ್ನ ಬೀಳಿಸುತ್ತೆ. ಲಿವರ್ ಬಿಡೋ ಮೊದಲೇ ನುಗ್ಗುತ್ತೆ, ನ್ಯೂಟ್ರಲ್ ಸಿಗಲ್ಲ ಅಂತ ಅವರೇ ಹೇಳಿದಾರೆ. ಲಿವರ್ ಎಳೆದ್ರೂ, ಎಂಜಿನ್ ಬಲವನ್ನ ಗೇರಿಗೆ ದಾಟಿಸೋ ಕ್ಲಚ್ ಪ್ಲೇಟುಗಳು ಪೂರ್ತಿ ಬಿಡಿಸ್ಕೊಳ್ತಿಲ್ಲ, ಅಷ್ಟೇ.

ಹೀಗೆ ನೋಡಿ: ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಬಿಸಿ ಮಾಡಿ, ಕ್ಲಚ್ ಹಿಡಿದು ಫಸ್ಟ್ ಹಾಕಿ. ಹಿಂದಿನ ಚಕ್ರ ನಿಧಾನಕ್ಕೆ ಸುತ್ತೋದು ಸಹಜ, ಪ್ಲೇಟುಗಳ ನಡುವಿನ ಆಯಿಲ್ ಎಳೆಯುತ್ತೆ. ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಚಕ್ರ ನಿಂತು ಎಂಜಿನ್ ಓಡ್ತಾ ಇದ್ರೆ ಕ್ಲಚ್ ಸರಿ ಇದೆ. ಎಂಜಿನ್ ಕೂಡ ಆಫ್ ಆದ್ರೆ ಕ್ಲಚ್ ಬಿಡ್ತಿಲ್ಲ. ಚೈನ್ ಹತ್ತಿರ ಕೈ, ಬಟ್ಟೆ ತರಬೇಡಿ.

ಆಮೇಲೆ ಎಂಜಿನ್ ಆಫ್ ಮಾಡಿ ಲಿವರ್ ತುದಿಯಲ್ಲಿ ಪ್ಲೇ ಅಳೆಯಿರಿ. ಬಿಗಿ ಸಿಗೋ ತನಕ ತುದಿ ಎಷ್ಟು ಸುಮ್ನೆ ಆಡುತ್ತೋ ಅದು. ಬಹಳಷ್ಟು ಗಾಡಿಗಳಿಗೆ 10ರಿಂದ 20 ಮಿ.ಮೀ. ಇರ್ಬೇಕು.

ಮಳೆಸವಾರ:
ಸ್ಟ್ಯಾಂಡ್ ಎತ್ತದೆ ಗೇರ್ ಹಾಕಿದ್ರೆ ಎಂಜಿನ್ ಆಫ್ ಮಾಡೋ ಸೈಡ್ ಸ್ಟ್ಯಾಂಡ್ ಸ್ವಿಚ್ ಇರಬಹುದಾ?

ಸ್ಪ್ಯಾನರ್ 12:
ಸ್ವಿಚ್ ಆದ್ರೆ ಗೇರ್ ಬಿದ್ದ ಕೂಡ್ಲೇ ಸದ್ದಿಲ್ಲದೆ ಆಫ್ ಆಗುತ್ತೆ, ಹೀಗೆ ನುಗ್ಗಲ್ಲ.

ನಾಕ್‌ಬೆರಳು:
ಎಷ್ಟು ಬೆರಳಲ್ಲಿ ಕ್ಲಚ್ ಹಿಡೀತೀರಿ?

ಹೊಸಕೈ:
ಎರಡು. ವಿಡಿಯೋದಲ್ಲಿ ಹಾಗೇ ತೋರಿಸಿದ್ರು. ಡಬಲ್ ಸ್ಟ್ಯಾಂಡಲ್ಲಿ ಬ್ರೇಕ್ ಒತ್ತಿದ್ರೆ ಎಂಜಿನ್ ಆಫ್. ಪ್ಲೇ 35 ಮಿ.ಮೀ. ಇದೆ.

ದೂರದಾರಿ:
ಎರಡು ಬೆರಳೇ ಸರಿ. ಹ್ಯಾಂಡಲ್ ಮೇಲೆ ಹಿಡಿತ ತಪ್ಪಲ್ಲ. ನನ್ನ ಗಾಡಿಗೆ ಶಾರ್ಟ್ ಲಿವರ್ ಹಾಕಿದೀನಿ, ಒಂದೇ ಬೆರಳು ಸಾಕು.

ನಾಕ್‌ಬೆರಳು:
ಪಳಗಿದ ಕೈಗೆ ಸರಿ, ಕಲಿಯೋರಿಗೆ ಅಲ್ಲ. ಉಳಿದೆರಡು ಬೆರಳು ಗ್ರಿಪ್ ಮೇಲೇ ಇದ್ರೆ ಲಿವರ್ ಬಂದು ಅವಕ್ಕೇ ಬಡಿಯುತ್ತೆ, ಗ್ರಿಪ್ ಮುಟ್ಟಲ್ಲ. ಮೊದಲೇ 35 ಮಿ.ಮೀ. ಪ್ಲೇಯಲ್ಲಿ ಹೋಯ್ತು, ಉಳಿದದ್ದು ಬೆರಳಿನ ದಪ್ಪಕ್ಕೆ.

ದೂರದಾರಿ:
ಲಿವರಿಂದ ಕ್ಲಚ್ಚಿಗೆ ಹೋಗೋ ಕೇಬಲ್ ಸರಿ ಇದ್ರೆ ಎರಡು ಬೆರಳಿಗೇ ಪೂರ್ತಿ ಬಿಡುತ್ತೆ. ಶಾರ್ಟ್ ಲಿವರ್ ಹಾಕಿ ನೋಡಿ.

ಸ್ಪ್ಯಾನರ್ 12:
ಶಾರ್ಟ್ ಲಿವರ್ ಈಗ ಬೇಡ. ಲಿವರ್ ಗಿಡ್ಡ ಆದಷ್ಟೂ ಕೈಗೆ ಭಾರ, ಬೈಟಿಂಗ್ ಪಾಯಿಂಟ್, ಅಂದ್ರೆ ಲಿವರ್ ಬಿಡ್ತಾ ಗಾಡಿ ಎಳೆಯೋಕೆ ಶುರುವಾಗೋ ಜಾಗ, ಹಿಡಿಯೋದು ಕಷ್ಟ. ಹೊಸಕೈ ಅವರೇ, ಲಿವರ್ ಬುಡದ ಲಾಕ್ ರಿಂಗ್ ಸಡಿಲಿಸಿ ಅಡ್ಜಸ್ಟರ್ ಹೊರಕ್ಕೆ ತಿರುಗಿಸಿ, ಪ್ಲೇ 15 ಮಿ.ಮೀ.ಗೆ ಬರಲಿ. ಅಡ್ಜಸ್ಟರಿನ ಮರೆ (ಸ್ಕ್ರೂ ಸುತ್ತು) ಹೆಚ್ಚು ಹೊರಗೆ ಬಂದ್ರೆ ನಿಲ್ಲಿಸಿ, ಮತ್ತೆ ಒಳಕ್ಕೆ ತಿರುಗಿಸಿ ಎಂಜಿನ್ ಹತ್ತಿರದ ನಟ್ಟಲ್ಲಿ ಹೊಂದಿಸಿ. ಪ್ಲೇ ಸೊನ್ನೆಗೆ ತರಬೇಡಿ, ಕ್ಲಚ್ ಜಾರಿ ಪ್ಲೇಟ್ ಸುಡುತ್ತೆ. ಕೊನೆಗೆ ರಿಂಗ್ ಬಿಗಿ ಮಾಡಿ. ರಿಂಗಿನ ಸೀಳು, ಅಡ್ಜಸ್ಟರ್ ಸೀಳು ಒಂದೇ ನೇರಕ್ಕೆ ನಿಲ್ಲದ ಹಾಗೆ ನೋಡ್ಕೊಳ್ಳಿ, ನೀರು ಇಳಿಯುತ್ತೆ.

ಹೊಸಕೈ:
ನಿನ್ನೆ 15ಕ್ಕೆ ತಂದೆ, ನಾಲ್ಕೂ ಬೆರಳಲ್ಲಿ ಹಿಡಿದೆ. ನುಗ್ಗಲೇ ಇಲ್ಲ, ನ್ಯೂಟ್ರಲ್ಲೂ ಬಿತ್ತು! ಇವತ್ತು ಬೆಳಿಗ್ಗೆ ನೋಡಿದ್ರೆ ಮತ್ತೆ 25.

ಗಾಳಿಗುದ್ದು:
ಲಾಕ್ ರಿಂಗ್ ಬಿಗಿ ಮಾಡಿರಲ್ಲ.

ಸ್ಪ್ಯಾನರ್ 12:
ಇರಬಹುದು. ಆದ್ರೆ ಒಂದೇ ದಿನಕ್ಕೆ 10 ಮಿ.ಮೀ. ಏರಿದ್ರೆ ನನ್ನ ಅನುಮಾನ ಕೇಬಲ್ ಮೇಲೆ. ಲಿವರ್ ಹತ್ತಿರದ ರಬ್ಬರ್ ಸರಿಸಿ, ಕೇಬಲ್ ತುದಿಯ ಗುಂಡು ಕೂತಿರೋ ಜಾಗಕ್ಕೆ ಟಾರ್ಚ್ ಬಿಡಿ.

ಹೊಸಕೈ:
ರಿಂಗ್ ಬಿಗಿಯಾಗೇ ಇದೆ. ಗುಂಡಿನ ಬುಡದಲ್ಲಿ ತಂತಿಯ ಎಳೆಗಳು ಪೊರಕೆ ಕಡ್ಡಿ ತರ ಕೆದರಿವೆ. ಐದಾರು ತುಂಡಾಗಿವೆ, ಉಳಿದವು ತುಕ್ಕು.

ಸ್ಪ್ಯಾನರ್ 12:
ಅದೇ. ಒಂದೊಂದು ಎಳೆ ಹೋದ ಹಾಗೆ ಉಳಿದವು ಹಿಗ್ಗಿ ಪ್ಲೇ ಏರ್ತಾ ಹೋಗುತ್ತೆ. ಆ ಗಾಡಿ ಇನ್ನು ಮುಟ್ಟಬೇಡಿ. ನಡು ರಸ್ತೆಯಲ್ಲಿ ಕಟ್ಟಾದ್ರೆ ಗೇರಲ್ಲಿ ಇರುವಾಗ ಕ್ಲಚ್ಚೇ ಇರಲ್ಲ. ಹೊಸ ಕೇಬಲ್ ಹಾಕಿಸಿ. ಗುಂಡು ಕೂರೋ ತೂತಿಗೆ ಗ್ರೀಸ್ ಹಚ್ಚಿಸಿ, ಗುಂಡು ತಿರುಗದೆ ಸಿಕ್ಕಿಕೊಂಡ್ರೆ ಹೊಸದೂ ಅಲ್ಲೇ ಮುರಿಯುತ್ತೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಎಲ್ಲೂ ಎಳೆಯದಂತೆ ನೋಡಿ.

ದೂರದಾರಿ:
ಬದಲಿಸೋವಾಗ ಹ್ಯಾಂಡ್ ಗಾರ್ಡ್ ಹಾಕಿಸ್ಕೊಳ್ಳಿ.

ನಾಕ್‌ಬೆರಳು:
ಅದು ಆಮೇಲೆ ನೋಡೋಣ. ಹೊಸ ಕೇಬಲ್ಲಿಗೆ ಬೈಟಿಂಗ್ ಪಾಯಿಂಟ್ ಬದಲಾಗಿರುತ್ತೆ, ಮೊದಲಿಂದ ಕಲೀಬೇಕು. ಸಮತಟ್ಟು ಜಾಗದಲ್ಲಿ ಎರಡೂ ಕಾಲು ಊರಿ, ಆಕ್ಸಿಲರೇಟರ್ ಕೊಡದೆ, ಗಾಡಿ ಅಲುಗೋ ತನಕ ಮಾತ್ರ ಲಿವರ್ ಬಿಡಿ, ತಕ್ಷಣ ಹಿಡೀರಿ. ಇಪ್ಪತ್ತು ಸಲ. ಅದು ಕೈಗೆ ಬಂದ ಮೇಲೆ ಏರು ರಸ್ತೆ: ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬೈಟಿಂಗ್ ಪಾಯಿಂಟ್‌ಗೆ ತನ್ನಿ. ಎಂಜಿನ್ ಸದ್ದು ತಗ್ಗಿದಾಗ ಬ್ರೇಕ್ ಬಿಡಿ.

ಹೊಸಕೈ:
ಏರಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಆಗಲ್ವಾ?

ನಾಕ್‌ಬೆರಳು:
ಆಗುತ್ತೆ, ಆದ್ರೆ ಬಲಗೈಗೆ ಬ್ರೇಕೂ ಆಕ್ಸಿಲರೇಟರೂ ಎರಡೂ ಬೀಳುತ್ತೆ. ಈಗ ಕಾಲಿಗೇ ಬಿಡಿ.