ಟ್ರಾನ್ಸ್‌ಫರ್ ಅಪ್ಲಿಕೇಶನ್‌ನಲ್ಲಿ ಎಸ್ಎಟಿ ಸ್ಕೋರ್ ಕೊಡಬೇಕಾ, ಬಿಡಬೇಕಾ?

ಪ್ರಶ್ನೆ:
ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಓದುತ್ತಿದ್ದೇನೆ, ಕಂಪ್ಯೂಟರ್ ಸೈನ್ಸ್. ಎರಡನೇ ವರ್ಷಕ್ಕೆ ಬೇರೆ ಕಡೆ ಹೋಗಬೇಕು ಅಂತಿದೆ. ಮೊದಲ ಸೆಮಿಸ್ಟರ್ ಜಿಪಿಎ (ಗ್ರೇಡುಗಳ ಸರಾಸರಿ, 4ಕ್ಕೆ) 3.8. ಹೈಸ್ಕೂಲಿನಲ್ಲಿದ್ದಾಗ ಬರೆದ ಎಸ್ಎಟಿ (ಕಾಲೇಜು ಸೇರಲು ಬರೆಯುವ ಪರೀಕ್ಷೆ, ಒಟ್ಟು 1600) 1390, ಮ್ಯಾತ್ಸ್ 740, ಇಂಗ್ಲಿಷ್ 650. ನಾನು ನೋಡುತ್ತಿರುವ ಕಾಲೇಜುಗಳಲ್ಲಿ ಹೆಚ್ಚಿನವು ಟೆಸ್ಟ್ ಆಪ್ಷನಲ್, ಅಂದರೆ ಸ್ಕೋರ್ ಕೊಡುವುದು ಬಿಡುವುದು ನಮ್ಮಿಷ್ಟ. ಕೊಡದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರಾ? ಇನ್ನೊಂದು ಸಲ ಬರೆಯಲಾ?

ಉತ್ತರ 1:
ಪ್ರತಿ ಕಾಲೇಜಿನ ‘ಕಾಮನ್ ಡೇಟಾ ಸೆಟ್’ (ಅಡ್ಮಿಷನ್ ಅಂಕಿಅಂಶಗಳ ಡಾಕ್ಯುಮೆಂಟ್) ಹುಡುಕಿ, ಹೆಚ್ಚಿನವು ತಮ್ಮ ಸೈಟಿನಲ್ಲೇ ಹಾಕಿರುತ್ತವೆ. ಅದರಲ್ಲಿ ಸಿ9 ಅನ್ನೋ ಕಡೆ 25 ಮತ್ತು 75ನೇ ಪರ್ಸೆಂಟೈಲ್ ಸ್ಕೋರ್ ಇರುತ್ತದೆ, ಅಂದರೆ ಸ್ಕೋರ್ ಕೊಟ್ಟವರಲ್ಲಿ ನಡುವಿನ ಅರ್ಧ ಜನರ ರೇಂಜ್. ನಿಮ್ಮದು ನಡುವಿಗಿಂತ ಮೇಲಿದ್ದರೆ ಕೊಡಿ, 25ನೇ ಪರ್ಸೆಂಟೈಲ್ ಸ್ಕೋರಿಗಿಂತ ಕೆಳಗಿದ್ದರೆ ಸುಮ್ನೆ ಬಿಡಿ. ಆದರೆ ಒಂದು ವಿಷಯ, ಆ ಅಂಕಿಗಳು ಫ್ರೆಶ್‌ಮನ್ ಆಗಿ (ನೇರ ಮೊದಲ ವರ್ಷಕ್ಕೆ) ಸೇರಿದವರದ್ದು, ಟ್ರಾನ್ಸ್‌ಫರ್ ಆದವರದ್ದಲ್ಲ, ಅದರಲ್ಲೂ ಆಪ್ಷನಲ್ ಇರುವಲ್ಲಿ ಒಳ್ಳೆ ಸ್ಕೋರ್ ಬಂದವರೇ ಜಾಸ್ತಿ ಕೊಡುವುದರಿಂದ ಆ ರೇಂಜ್ ಇರುವುದಕ್ಕಿಂತ ಮೇಲೇ ಕಾಣುತ್ತದೆ. ಟ್ರಾನ್ಸ್‌ಫರ್ ಲೆಕ್ಕ ಬೇಕಿದ್ದರೆ ಅದೇ ಡಾಕ್ಯುಮೆಂಟಿನ ಡಿ ಭಾಗ ನೋಡಿ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು, ಸ್ಕೋರ್ ಕೇಳುತ್ತಾರಾ ಇಲ್ಲವಾ, ಎಲ್ಲ ಅಲ್ಲೇ ಇದೆ. ಹೆಚ್ಚಿನವರು ಇದನ್ನು ತೆರೆದೂ ನೋಡುವುದಿಲ್ಲ.

ಉತ್ತರ 2:
ಫ್ರೆಶ್‌ಮನ್ ಪೇಜ್ ಓದಿ ತೀರ್ಮಾನ ಮಾಡಬೇಡಿ, ಟ್ರಾನ್ಸ್‌ಫರ್ ಪೇಜಿನಲ್ಲಿ ರೂಲ್ ಬೇರೆಯೇ ಇರಬಹುದು. ಕೆಲವು ಕಡೆ ಇಷ್ಟು ಕ್ರೆಡಿಟ್ ಮುಗಿಸಿದ್ದರೆ ಸ್ಕೋರ್ ಬೇಡ, ಕಡಿಮೆ ಇದ್ದರೆ ಬೇಕು ಅನ್ನುತ್ತಾರೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವ ಕ್ಯಾಂಪಸ್ಸೂ ಅಡ್ಮಿಷನ್‌ಗೆ ಎಸ್ಎಟಿ ನೋಡುವುದಿಲ್ಲ, 1600 ಬಂದಿದ್ದರೂ ಅಷ್ಟೇ. ಎಂಐಟಿ 2022ರಲ್ಲಿ ಟೆಸ್ಟ್ ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಕೂಡ ಅದೇ ದಾರಿ ಹಿಡಿದವು. ಹಳೇ ಪೋಸ್ಟ್ ಓದಿಕೊಂಡು ಅರ್ಜಿ ಹಾಕಿದರೆ ಕೆಟ್ಟಿರಿ.

ಉತ್ತರ 3:
ಪುನಃ ಬರೆಯುವುದು ಯಾಕೆ? ಆ ಸಮಯ ಈ ಸೆಮಿಸ್ಟರಿನ ಕ್ಯಾಲ್ಕುಲಸ್‌ಗೆ ಕೊಡಿ. ಟ್ರಾನ್ಸ್‌ಫರ್‌ನಲ್ಲಿ ಅವರು ಮೊದಲು ನೋಡೋದು ಕಾಲೇಜಿನ ಗ್ರೇಡು, ತೆಗೆದುಕೊಂಡ ಕೋರ್ಸು, ಪ್ರೊಫೆಸರ್ ಬರೆದ ಪತ್ರ.

ಪ್ರಶ್ನೆ ಕೇಳಿದವರು:
ಸರಿ, ಆದರೆ ಅರ್ಜಿ ಹಾಕುವ ಹೊತ್ತಿಗೆ ನನ್ನ ಹತ್ತಿರ ಒಂದೇ ಸೆಮಿಸ್ಟರಿನ ಗ್ರೇಡ್ ಇರುತ್ತದೆ, ಅಲ್ವಾ?

ಉತ್ತರ 1:
ಅದಕ್ಕೇ ನಿಮ್ಮ ಕೇಸಿನಲ್ಲಿ ಸ್ಕೋರಿಗೆ ಸ್ವಲ್ಪ ತೂಕ ಬರುತ್ತದೆ. ಎರಡು ವರ್ಷ ಮುಗಿಸಿ 60 ಕ್ರೆಡಿಟ್ ಕೈಯಲ್ಲಿದ್ದವರಿಗೆ ಹಳೇ ಎಸ್ಎಟಿ ಹೆಚ್ಚಿನ ಕಡೆ ಬೇಡ. ಒಂದೇ ಸೆಮಿಸ್ಟರ್ ಇದ್ದರೆ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟನ್ನೂ (ಅಂಕಪಟ್ಟಿ) ತಿರುವಿ ನೋಡುತ್ತಾರೆ. ನಿಮ್ಮ ಮ್ಯಾತ್ಸ್ 740 ಕಂಪ್ಯೂಟರ್ ಸೈನ್ಸ್‌ಗೆ ಒಳ್ಳೆಯದೇ, ಆದರೆ ಅದೊಂದನ್ನೇ ಕಳಿಸೋಕೆ ಆಗಲ್ಲ, 650 ಕೂಡ ಜೊತೆಗೇ ಹೋಗುತ್ತದೆ. ರೇಂಜಿನ ನಡುವೆ 1350 ಇರುವ ಕಡೆ ಕೊಡಿ, 1500 ಇರುವ ಕಡೆ ಬೇಡ. ಎಲ್ಲ ಕಾಲೇಜಿಗೂ ಒಂದೇ ತೀರ್ಮಾನ ಮಾಡಬೇಕು ಅಂತ ಏನೂ ಇಲ್ಲ. ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುವ ಭಯ ಬಿಡಿ, ಆಪ್ಷನಲ್ ಅಂತ ಬರೆದವರೇ ಅವರು.