ಹಂಚಿನ ಮೇಲೆ ಪುಡಿ, ಹತ್ತು ಸೆಕೆಂಡ್ ಲೈಟರ್

ಗುಂಪು: ಎಂಎಸ್ಸಿ ಕೆಮಿಸ್ಟ್ರಿ ಹಳೆ ಬ್ಯಾಚ್, ಮಂಗಳೂರು

ಶೆಟ್ರು: ಈ ವಿಡಿಯೊ ನೋಡಿ. ಹಂಚಿನ ಮೇಲೆ ಒಂದು ಚಮಚ ಪುಡಿ, ಹತ್ತು ಸೆಕೆಂಡ್ ಲೈಟರ್ ಹಿಡಿದ್ರೂ ಹೊತ್ತಲಿಲ್ಲ. ಬೇಗ ಉರಿಯುವ ಸರಕಲ್ಲ ಅಂತ ಪಣಂಬೂರು ಬಂದರಿನಿಂದ ಹಡಗಿಗೆ ಹಾಕ್ಲಿಕ್ಕೆ ಇನ್ನೆಂತ ಬೇಕು?

ಭಟ್ರು: ಇದು ಪರೀಕ್ಷೆಯೇ ಅಲ್ಲ ಶೆಟ್ರೆ. ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿ ಉಂಟು. ಘನವಸ್ತು ಎಷ್ಟು ಬೇಗ ಉರೀತದೆ ಅಂತ ನೋಡುವ ಅದರ ಎನ್.1 ಪರೀಕ್ಷೆಯಲ್ಲಿ ಪುಡಿಯನ್ನು ರಾಶಿ ಹಾಕುವುದಿಲ್ಲ, ಸಾಲು ಮಾಡ್ತಾರೆ. ತ್ರಿಕೋನದ ಅಚ್ಚು, 250 ಮಿ.ಮೀ. ಉದ್ದ, 20 ಅಗಲ, 10 ಎತ್ತರ. ಸಡಿಲವಾಗಿ ತುಂಬಿ, 20 ಮಿ.ಮೀ. ಮೇಲಿಂದ ಗಟ್ಟಿ ಜಾಗಕ್ಕೆ ಮೂರು ಸಲ ಬೀಳಿಸಿ, ತಟ್ಟೆ ಮುಚ್ಚಿ ಮಗುಚಬೇಕು. ಕನಿಷ್ಠ 1000 ಡಿಗ್ರಿಯ ಗ್ಯಾಸ್ ಜ್ವಾಲೆ ಒಂದು ತುದಿಗೆ, ಹೊತ್ತುವವರೆಗೆ, ಹೆಚ್ಚೆಂದ್ರೆ 2 ನಿಮಿಷ. ಲೋಹದ ಪುಡಿಗೆ 5.

ಶೆಟ್ರು: ಎರಡು ನಿಮಿಷ ಹಿಡಿದ್ರೆ ಯಾವುದು ಹೊತ್ತುವುದಿಲ್ಲ ಮಾರಾಯ್ರೆ?

ಪೈ ಅಕ್ಕ: ಹೊತ್ತುವುದಲ್ಲ ಪ್ರಶ್ನೆ, ಬೆಂಕಿ ಓಡ್ತದಾ ಅಂತ. 2 ನಿಮಿಷದಲ್ಲಿ 200 ಮಿ.ಮೀ. ಓಡದಿದ್ರೆ ಅಲ್ಲಿಗೆ ಮುಗೀತು. ಓಡಿದ್ರೆ ಹೊಸ ಸಾಲು ಹಾಕಿ, ಮೊದಲ 80 ಮಿ.ಮೀ. ಬಿಟ್ಟು ಮುಂದಿನ 100ಕ್ಕೆ ಸ್ಟಾಪ್‌ವಾಚ್. ಶುರುವಿನ ಓಟದಲ್ಲಿ ಬರ್ನರಿನ ಕಾವು ಸೇರಿರ್ತದೆ. 45 ಸೆಕೆಂಡಿಗಿಂತ ಕಡಿಮೆ ಬಂದ್ರೆ 4.1ನೇ ವರ್ಗ, ಅಂದ್ರೆ ಬೇಗ ಉರಿಯುವ ಘನವಸ್ತು. ಲೋಹದ ಪುಡಿಗೆ ಈ ಲೆಕ್ಕಗಳೆಲ್ಲ ಬೇರೆ.

ಭಟ್ರು: ಹಂಚು ಇಟ್ಟದ್ದೂ ತಪ್ಪು. ನಮ್ಮ ಹಂಚು ನೀರು ಕುಡೀತದೆ. ಆ 100 ಮಿ.ಮೀ. ಆಚೆ 30-40 ಮಿ.ಮೀ. ದೂರಕ್ಕೆ 1 ಮಿ.ಲೀ. ಒದ್ದೆ ಮಾಡುವ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡ್ಲಿಕ್ಕುಂಟು. ಆ ಒದ್ದೆ ಜಾಗ ಬೆಂಕಿಯನ್ನು ಕನಿಷ್ಠ 4 ನಿಮಿಷ ದಾಟದಂತೆ ತಡೆದ್ರೆ ಪ್ಯಾಕಿಂಗ್ ಗ್ರೂಪ್ (ಅಪಾಯದ ದರ್ಜೆ) 3, ದಾಟಿದ್ರೆ ಅದಕ್ಕಿಂತ ಹೆಚ್ಚು ಅಪಾಯದ 2. ದ್ರಾವಣ ಹಂಚಿಗೆ ಇಳಿದ್ರೆ ಆ ಜಾಗದಲ್ಲಿ ಸಾಲು ಪೂರ್ತಿ ಒದ್ದೆಯಾಗುವುದೇ ಇಲ್ಲ, ಗ್ರೂಪೇ ತಪ್ಪಾಗ್ತದೆ.

ಶೆಟ್ರು: ಹಾಗಾದ್ರೆ ಆಟಿಯ ಮಳೆಗೆ ಓವನ್‌ನಲ್ಲಿ ಒಣಗಿಸಿಯೇ ಮಾಡ್ಬೇಕಲ್ಲ?

ಪೈ ಅಕ್ಕ: ಬೇಡ. ಮಾರಾಟಕ್ಕೆ ಹೋಗುವ ರೂಪದಲ್ಲೇ ಸುಡಬೇಕು. ಕರ್ಪೂರ, ನ್ಯಾಫ್ತಲೀನ್ ಓವನ್ನಿಗೆ ಇಟ್ರೆ ಆವಿಯಾಗಿಯೇ ಹೋಗ್ತದೆ. ಡಬ್ಬ ಮುಚ್ಚಿಟ್ಟು, ಅಚ್ಚಿಗೆ ಹಾಕಿದ ಕೂಡಲೇ ಹೊತ್ತಿಸಿ.

ಭಟ್ರು: ಅಷ್ಟೇ ಸಾಲದು ಅಕ್ಕ. ಸ್ಯಾಂಪಲ್ ಮೊದಲೇ ತೇವ ಎಳೆದಿದ್ರೆ? ತೇವಾಂಶ ಅಳೆದು ವರದಿಯಲ್ಲಿ ಬರೀಬೇಕು, ಹೆಚ್ಚಿದ್ರೆ ಬೇರೆ ಸ್ಯಾಂಪಲ್ ತರಿಸ್ಬೇಕು. ಪರೀಕ್ಷೆ ಆರು ಸಲ ಮಾಡ್ಲಿಕ್ಕುಂಟಲ್ಲ, ಫ್ಯೂಮ್ ಹುಡ್ (ಹೊಗೆ ಎಳೆಯುವ ಗೂಡು) ಗಾಳಿಯೂ ಆರು ಸಲಕ್ಕೂ ಒಂದೇ ವೇಗ ಇರಲಿ, ಹೊಗೆ ಹೊರಗೆ ಬಾರದಷ್ಟು.

ಪೈ ಅಕ್ಕ: ಅದು ಒಪ್ಪಿದೆ. ಆದ್ರೆ ಆರರಲ್ಲಿ ಒಂದು ಪಾಸಿಟಿವ್, ಅಂದ್ರೆ 45 ಸೆಕೆಂಡಿಗಿಂತ ಕಡಿಮೆ, ಬಂದ್ರೂ 4.1ಕ್ಕೆ ಸಾಕು, ಸರಾಸರಿ ತೆಗೀಬೇಡಿ. ಮತ್ತೆ ಶೆಟ್ರೆ, ಸಾಲಿನಲ್ಲಿ ಓಡದ ಪುಡಿ ಧೂಳಾಗಿ ಎದ್ರೆ ಸಿಡಿಯಬಹುದು. ಗೋಧಿ ಹಿಟ್ಟು ರಾಶಿಯಲ್ಲಿ ಕಪ್ಪಾಗಿ ನಿಲ್ತದೆ, ಗಾಳಿಯಲ್ಲಿ ಸ್ಫೋಟ ಆಗ್ತದೆ. ಅದಕ್ಕೆ ಬೇರೆ ಪರೀಕ್ಷೆ.

ಶೆಟ್ರು: ವಿಡಿಯೊ ಅಳಿಸ್ತೇನೆ. ಅಚ್ಚು ಮಾಡಿಸುವಾಗ ಬದಿ ಹೇಗೆ?

ಭಟ್ರು: ಉದ್ದಕ್ಕೆ ಎರಡೂ ಬದಿಗೆ ಲೋಹದ ತಗಡು, ತ್ರಿಕೋನದ ಮೇಲಂಚಿಗಿಂತ 2 ಮಿ.ಮೀ. ಎತ್ತರ. ಮಗುಚುವ ಮೊದಲು ತೆಗೀಲಿಕ್ಕೆ ಬರಬೇಕು.